ಬಿಲ್ಲಿನಲ್ಲಿ ಬೋನು ಎಂದಿತ್ತು

ಮೊದಲು ಹೋದದ್ದು ಚಪ್ಪಲಿ, ಎಡಗಾಲಿನದು.
ಆಮೇಲೆ ಪೊರಕೆ, ಫ್ರಿಜ್ಜಿನ ಬಾಗಿಲ ರಬ್ಬರು,
ಹಾಸಿಗೆಯೊಳಗಿನ ಹತ್ತಿ. ಅದನ್ನು
ಮನೆಯಿಡೀ ಹಿಂಜಿ ಹರಡಿ
ನಡುವೆ ಕೂತಿದ್ದಳು ರವೆ,
ಹುರಿದ ರವೆಯ ಬಣ್ಣದವಳು, ಏಳು ತಿಂಗಳು,
ಬಾಲದಲ್ಲಿ ನೆಲ ಗುಡಿಸುತ್ತ,
ಈಗ ಬಂದ್ಯಾ ಅನ್ನುವ ಹಾಗೆ.

ನಾನು ಇಲವಾಲ ರೂಟಿನ ಕಂಡಕ್ಟರು.
ಐದೂವರೆಗೆ ಡಿಪೋ, ಎರಡಕ್ಕೆ ಲೆಕ್ಕ ಒಪ್ಪಿಸಿ
ಕನಕಗಿರಿ ಸೇರುವಾಗ ಮೂರು.
ನಡುವಿನ ಹೊತ್ತೆಲ್ಲ ಅವಳದು,
ಅವಳ ಹೊಸ ಹಲ್ಲುಗಳದು.
"ನೀವು ಹೋದ್ಮೇಲೆ ಅಳ್ತದೆ ಕಣ್ರೀ, ಬಾಗ್ಲು ಕೆರೀತದೆ"
ಅಂದರು ಕೆಳಮನೆಯ ದಾಕ್ಷಾಯಿಣಮ್ಮ.
ಬಗ್ಗಿ ನೋಡಿದೆ, ಬಾಗಿಲ ಬುಡದಲ್ಲಿ
ಉಗುರಿನ ಗೀರು, ಒಂದರ ಮೇಲೊಂದು,
ಹಾಜರಿ ಹಾಕಿದ ಹಾಗೆ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು:
ಬೋನು ಅನ್ಕೋಬೇಡಿ, ಗೂಡು ಅನ್ಕೊಳ್ಳಿ.
ಬಂಬೂ ಬಜಾರಿನ ಇಲಿಯಾಸರು ಸರಳು ಕತ್ತರಿಸಿ
ಬೆಸುಗೆ ಹಾಕಿ, ಮೂಲೆಮೂಲೆಗೂ ಬೆರಳಾಡಿಸಿ
ಎಲ್ಲೂ ಚುಚ್ಚದ್ದು ನೋಡಿಕೊಂಡು
ಬಿಲ್ಲಿನಲ್ಲಿ ಬರೆದುಕೊಟ್ಟರು:
ನಾಯಿ ಬೋನು, ಒಂದು.
ಲಗೇಜ್ ಆಟೋದ ಹಿಂದೆ ಅದನ್ನು ಹಿಡಿದು ಕೂತು ಬಂದೆ.
ಸಿಗ್ನಲ್ಲಿನಲ್ಲಿ ಜನ ಒಳಗೆ ಇಣುಕಿದರು,
ಏನೂ ಇಲ್ಲದ್ದು ಕಂಡು
ನನ್ನನ್ನು ನೋಡಿದರು.

ಎಂಟು ದಿನ ರಜೆ. ಅರ್ಜಿಯಲ್ಲಿ ಕಾರಣ: ಮನೆಯ ತುರ್ತು.
ಮೊದಲ ದಿನ ಬಾಗಿಲು ಹಾಕಲೇ ಇಲ್ಲ.
ಒಳಗೆ ಬೇಯಿಸಿದ ಮೊಟ್ಟೆಯ ಚೂರು.
ಹಿಂಗಾಲು ಹೊರಗೇ ಊರಿ, ಕತ್ತು ಉದ್ದ ಮಾಡಿ
ಬಾಯಿಗೆ ಹಾಕಿಕೊಂಡು ಓಡಿದಳು.
ಮಾರನೆಯ ದಿನ ಮೂರು ಕಾಲು ಒಳಗೆ.
ನನ್ನ ಹಳೇ ಖಾಕಿ ಅಂಗಿ ಹಾಸಿದ ಮೇಲೆ ನಾಲ್ಕೂ.
ಚಿಲಕ ಹಾಕಿ ಹತ್ತು ಎಣಿಸಿದೆ. ತೆಗೆದೆ.
ಇಪ್ಪತ್ತು. ತೆಗೆದೆ.
ಕುಂಯ್‌ಗುಟ್ಟುವಾಗ ತೆಗೆಯಬಾರದು,
ಸುಮ್ಮನಾದ ಮೇಲೆ ತೆಗೆಯಬೇಕಂತೆ.
ಸುಮ್ಮನಾಗುವ ತನಕದ್ದು ಇದೆಯಲ್ಲ,
ಅದನ್ನು ಹೇಗೆ ಎಣಿಸುವುದೆಂದು
ಚೀಟಿಯಲ್ಲಿ ಬರೆದಿರಲಿಲ್ಲ.

ನನಗಾಗ ಐದು. ಅಮ್ಮ ರೇಷ್ಮೆ ಕಾರ್ಖಾನೆಗೆ.
ಹೊರಗಿಂದ ಬೀಗ.
ಒಂದು ಚೊಂಬು ನೀರು, ಪುರಿ ಕಡ್ಲೆ, ಒಂದು ಕಿಟಕಿ.
ಸೈರನ್ನು ಕೂಗುವ ಹೊತ್ತಿಗೆ ನಾನು
ಗೋಡೆಯ ಸುಣ್ಣ ಕೆರೆದು ತಿಂದಿದ್ದೆ,
ಕ್ಯಾಲೆಂಡರಿನ ಇಡೀ ವರ್ಷ ಹರಿದಿದ್ದೆ,
ಅವಳ ಒಂದೇ ಒಂದು ಒಳ್ಳೇ ಸೀರೆಯ ಸೆರಗು
ಕಚ್ಚಿಕೊಂಡು ಮಲಗಿದ್ದೆ.
ಬಂದವಳು ಹೊಡೆದಳು,
ಅದೇ ಸೆರಗಿನಲ್ಲಿ ಮೂಗು ಒರೆಸಿದಳು.

ಆರನೆಯ ದಿನ ಅಮ್ಮ ಬಂದಳು,
ಕೈಚೀಲದಲ್ಲಿ ನಂಜನಗೂಡಿನ ಬಾಳೆಹಣ್ಣು.
ಸರಳು ಮುಟ್ಟಿ ನೋಡಿದಳು, ಚಿಲಕ ಆಡಿಸಿದಳು.
"ಆಗ್ಲೇ ನಿಂಗೂ ಒಂದು ಮಾಡಿಸ್ಬೇಕಿತ್ತು"
ಅಂತ ನಕ್ಕಳು.
ಕಾಫಿ ಆರುವವರೆಗೆ ಮತ್ತೆ ಮಾತಿಲ್ಲ.
"ಹತ್ತು ಎಣಿಸಿ ತೆಗೀಬೇಕು ಅಂತ ಯಾರು ಹೇಳಿದ್ರು?"
ಡಾಕ್ಟರು, ಅಂದೆ.
"ನಮಗ್ಯಾರೂ ಹೇಳ್ಲಿಲ್ಲ ನೋಡು"
ಅಂದು ಹಣ್ಣು ಸುಲಿದು
ಸರಳಿನ ಸಂದಿಯಲ್ಲಿ ಕೊಟ್ಟಳು.
ಶಿಸ್ತು ಕೆಡುತ್ತದೆ ಅನ್ನಲು ಹೋದೆ, ಅನ್ನಲಿಲ್ಲ.

ಮತ್ತೆ ಡ್ಯೂಟಿ. ಹತ್ತು ಗಂಟೆಗೊಮ್ಮೆ
ದಾಕ್ಷಾಯಿಣಮ್ಮನ ಮಗ ಬಂದು
ಮಾಳಿಗೆಗೆ ಬಿಟ್ಟು, ಆಡಿಸಿ, ಕೂಡಿಹಾಕಬೇಕು;
ತಿಂಗಳಿಗೆ ಮುನ್ನೂರು ಅಂತ ಮಾತು.
ಆ ದಿನ ಮೇಟಗಳ್ಳಿಗೆ ಕೇಳಿದವರಿಗೆ
ಇಲವಾಲದವರೆಗೆ ಹರಿದುಕೊಟ್ಟೆ.
ಬಸ್ಸಿನ ಬಾಗಿಲು ಪ್ರತಿ ಸ್ಟಾಪಿನಲ್ಲೂ
ಬುಸ್ಸೆಂದು ಮುಚ್ಚಿಕೊಂಡಾಗ
ಬಾಯಲ್ಲಿ ಸುಣ್ಣದ ರುಚಿ.

ಮೂರಕ್ಕೆ ಮೆಟ್ಟಿಲು ಹತ್ತಿದೆ. ಸದ್ದಿಲ್ಲ.
ಸದ್ದಿಲ್ಲದ್ದೇ ಹೆದರಿಕೆ.
ಬೀಗ ತೆಗೆದರೆ, ಹತ್ತಿ ಹತ್ತಿಯ ಜಾಗದಲ್ಲಿ,
ಪೊರಕೆ ಮೂಲೆಯಲ್ಲಿ,
ರವೆ ಖಾಕಿ ಅಂಗಿಯ ಮೇಲೆ
ಹೊಟ್ಟೆ ಮೇಲಾಗಿ, ಗೊರಕೆ.
ಚಿಲಕ ತೆಗೆದೆ. ಒಂದು ಕಣ್ಣು ತೆರೆದು
ಯಾರೆಂದು ನೋಡಿ, ಮುಚ್ಚಿದಳು.
ಅಂಗಿಯ ಜೇಬು ಮಾತ್ರ ಇರಲಿಲ್ಲ.
ಗುಂಡಿ ಎಣಿಸಿದೆ: ಐದರಲ್ಲಿ ನಾಲ್ಕು.
ನಾಳೆ ನಸುಕಿನಲ್ಲಿ ಟಾರ್ಚು ಹಿಡಿದು
ಮಾಳಿಗೆಯಲ್ಲಿ ಕಾಯಬೇಕು.