ಮೊಳೆ ಇಲ್ಲದ ಹೆಸರು

ಹಂಪನಕಟ್ಟೆಯ ಜ್ಯೂಸ್ ಅಂಗಡಿಯ ಮೇಲಿನ ಮಹಡಿ.
ಕೆಳಗೆ ಮಿಕ್ಸರ್ ತಿರುಗಿದಾಗೆಲ್ಲ
ನಿಹಾದನ ಮೇಜು ಸಣ್ಣಗೆ ನಡುಗುತ್ತದೆ.
'ಹೆಸರು ಹೇಳಿ ಅಕ್ಕ, ಖಾಲಿ ಉಂಟಾ ನೋಡುವ.'

ಡಿ'ಕುನ್ಹಾ ಎಂದೆ.
'ಆ ಅಪಾಸ್ಟ್ರಫಿ ಮಾತ್ರ ತಗೊಳ್ಳುವುದಿಲ್ಲ ಇದು.'

ಜೆಪ್ಪುವಿನ ನಮ್ಮ ಬೋರ್ಡಿನಲ್ಲಿ
ಅಪ್ಪ ಅದನ್ನು ಬಣ್ಣದಲ್ಲಿ ಬರೆಸಿರಲಿಲ್ಲ.
ಮುಕ್ಕಾಲಿಂಚಿನ ಹಿತ್ತಾಳೆ ಮೊಳೆಯೊಂದನ್ನು
ಡಿಗೂ ಸಿಗೂ ನಡುವೆ ಓರೆಯಾಗಿ ಹೊಡೆದಿದ್ದ.
ಮೂವತ್ತು ಮಳೆಗಾಲಕ್ಕೆ ಬಣ್ಣ ಹೋಯಿತು,
ಮೊಳೆ ಹೋಗಲಿಲ್ಲ.

'ಅಡ್ಡಗೆರೆ ಬೇಕಾದರೆ ಹಾಕಬಹುದು.'
ಬೇಡ ಮಾರಾಯ.
ಹುಟ್ಟಿದ ಇಸವಿಗೂ ಸತ್ತ ಇಸವಿಗೂ ನಡುವೆ
ಎಷ್ಟು ಅಡ್ಡಗೆರೆ ಕೊರೆದಿದ್ದೇನೆ ಈ ಕೈಯಲ್ಲಿ,
ನನ್ನ ಹೆಸರಿನ ಒಳಗೆ ಬೇಡ.

ಮೊಳೆ ಕಿತ್ತು ಹುಡುಕಿದ. ಡಾಟ್ ಕಾಮ್ ಹೋಗಿದೆ,
ಗೋವೆಯ ಹಲ್ಲಿನ ಡಾಕ್ಟರೊಬ್ಬರ ಪಾಲಿಗೆ.
'ಊರು ಸೇರಿಸುವ.'
ಯಾವುದನ್ನು? ಮ್ಯಾಂಗಲೋರೋ, ಮಂಗಳೂರೋ?
ನಮ್ಮ ಮನೆಯಲ್ಲಿ ಕೊಡಿಯಾಲ್,
ಹಲಗೆ ಕೊಯ್ಯುವ ದೂಮಣ್ಣನಿಗೆ ಕುಡ್ಲ,
'ನಮಗೆ ಮೈಕಾಲ' ಎಂದು ನಿಹಾದ್ ನಕ್ಕ.
ಊರು ಬಿಟ್ಟೆವು.

'ಉದ್ದ ಆದರೆ ಜನ ಮರೀತಾರೆ ಅಕ್ಕ,
ಹದಿನೈದು ಅಕ್ಷರದೊಳಗೆ ಮುಗಿಯಬೇಕು.'
ನಗು ಬಂತು.
ಅಪ್ಪ ಯಾರ ಹೆಸರನ್ನೂ ಕೇಳಿದವನಲ್ಲ.
ಬಾಗಿಲು ತಟ್ಟಿದವರ ಮುಖ ನೋಡದೆ
'ಎಷ್ಟು ಉದ್ದ?' ಎನ್ನುತ್ತಿದ್ದ, ಅಷ್ಟೇ.
ಹೆಸರನ್ನು ಆಮೇಲೆ, ಅಳುತ್ತ, ಅವರೇ ಹೇಳುತ್ತಿದ್ದರು.

ಅದಾದ ಮೇಲೆ ಜಾಗದ ಮಾತು.
ಶೇರ್ಡ್ ಎಂದರೆ ಒಂದೇ ಯಂತ್ರದೊಳಗೆ ಇನ್ನೂರು ಮುನ್ನೂರು ಜನ,
ಮಗ್ಗುಲಲ್ಲಿ ಯಾರಿದ್ದಾರೆ ಯಾರಿಗೂ ಗೊತ್ತಾಗದು.
ಸ್ವಂತದ್ದಕ್ಕೆ ದುಡ್ಡು ಜಾಸ್ತಿ.
ಎಲ್ಲಿದೆ ಅದು?
'ಮುಂಬಯಿ. ಇಲ್ಲದಿದ್ದರೆ ಸಿಂಗಾಪುರ. ಯಾರೂ ಹೋಗಿ ನೋಡುವುದಿಲ್ಲ.'
ಮೊದಲ ವರ್ಷ ನೂರತೊಂಬತ್ತೊಂಬತ್ತು,
ಎರಡನೆಯದರಿಂದ ಸಾವಿರದ ನಾನೂರು.
ಕಟ್ಟದಿದ್ದರೆ?
'ಒಂದು ತಿಂಗಳು ಕಾಯ್ತಾರೆ. ಮತ್ತೆ ಬೇರೆಯವರಿಗೆ.'

ಗೊತ್ತು ನನಗೆ ಈ ಲೆಕ್ಕ.
ನಮ್ಮ ಇಗರ್ಜಿಯಿಂದಲೂ ಐದು ವರ್ಷಕ್ಕೊಮ್ಮೆ ಚೀಟಿ ಬರುತ್ತದೆ.
ಕಟ್ಟಿದರೆ ಶಿಲುಬೆ ನಿಲ್ಲುತ್ತದೆ,
ಇಲ್ಲವಾದರೆ ಎಲುಬು ಆಯ್ದು ಎಲ್ಲರ ಹೊಂಡಕ್ಕೆ.
ಅಪ್ಪನ ಚೀಟಿ ಬಂದಾಗ ನಾನು ಕಟ್ಟಲಿಲ್ಲ.
ಬೇಡವೆಂದಿದ್ದ, ಬದುಕಿದ್ದಾಗಲೇ:
'ಅಷ್ಟರಲ್ಲಿ ಹಲಗೆ ಮಣ್ಣಾಗಿರುತ್ತದೆ ಸೆವ್ರಿನ್,
ಮಾವಿನದು, ನಾನೇ ಆರಿಸಿಟ್ಟದ್ದು.'
ಆ ಗುಂಡಿಯಲ್ಲಿ ಈಗ ಯಾರೋ ಲೋಬೊ.

'ಆಟೋ ರಿನ್ಯೂವಲ್ ಹಾಕಲಾ ಅಕ್ಕ?'
ಹಾಕು.
ಯಾಕೆಂದು ಅವನೂ ಕೇಳಲಿಲ್ಲ.

'ವರ್ಷದಲ್ಲಿ ಹೆಚ್ಚೆಂದರೆ ಎಂಟು ಗಂಟೆ ಬಂದ್ ಇರಬಹುದು,'
ಎಂದ, ಹೆಮ್ಮೆಯಿಂದಲೇ.
ಯಾವ ಎಂಟು ಗಂಟೆ?
ಜುಲೈ ತಿಂಗಳ ರಾತ್ರಿ ಎರಡಕ್ಕೆ
ಆಸ್ಪತ್ರೆಯಿಂದ ನೇರ, ಒದ್ದೆ ಚಪ್ಪಲಿಯಲ್ಲಿ ಬಂದವರಿಗೆ
ಅಪ್ಪ ಬನಿಯನ್ನಿನಲ್ಲೇ ಎದ್ದು ಬಾಗಿಲು ತೆಗೆದಿದ್ದಾನೆ.
ಟ್ಯೂಬ್‌ಲೈಟು ಮಿಣುಕಿ ಹೊತ್ತಿಕೊಳ್ಳುವಷ್ಟು ಹೊತ್ತು,
ಅಷ್ಟೇ, ನಮ್ಮ ಕಾಯಿಸುವಿಕೆ.

ಈಗಿನವರು ಬಾಗಿಲು ತಟ್ಟುವುದಿಲ್ಲ.
'ಲಿಂಕ್ ಕಳಿಸಿ' ಎಂದಳು ಮೊನ್ನೆ ವಾರ್ಡಿನ ನರ್ಸು.
ಅದಕ್ಕೇ ಬಂದದ್ದು ಇಲ್ಲಿಗೆ.

ಕೊನೆಗೆ ಸಿಕ್ಕಿತು, ಮೊಳೆ ಇಲ್ಲದ್ದು, ಊರಿಲ್ಲದ್ದು:
ಡಿಕುನ್ಹಾಪೆಟ್ಟಿಗೆ, ಡಾಟ್ ಇನ್.
ಇಂಗ್ಲಿಷಿನಲ್ಲಿ ಬೆರಳು ಮಡಚಿ ಎಣಿಸಿದೆ. ಹದಿಮೂರು ಅಕ್ಷರ.
ಇರಲಿ, ನಮ್ಮ ಕೆಲಸಕ್ಕೆ
ಯಾವ ಅಂಕೆ ಒಳ್ಳೆಯದು?

ವಿಚಾರಣೆಯ ಫಾರಮ್ಮಿನಲ್ಲಿ ಹೆಸರು, ಇಮೇಲ್, ಸಂದೇಶ ಎಂದಿತ್ತು.
ಹೆಸರು ಕೆಳಗೆ ಹಾಕು, ಎಂದೆ. ಎಲ್ಲಕ್ಕಿಂತ ಮೇಲೆ, ಉದ್ದ.

ಬಸ್ಸು ಮೋರ್ಗನ್ಸ್ ಗೇಟ್ ದಾಟುವಾಗ ಫೋನು ಗುಂಯ್ ಎಂದಿತು.
ಮೊದಲ ಬೇಡಿಕೆ.
ಐದಡಿ ಏಳಿಂಚು.
ಕೈ ತಾನಾಗಿ ಕಿವಿಯ ಹಿಂದೆ ಪೆನ್ಸಿಲ್ ಹುಡುಕಿತು,
ಹಲಸೋ, ಮಾವೋ, ಒಳಗೆ ಬಿಳಿ ಸ್ಯಾಟಿನ್ ಎಷ್ಟು ಮೀಟರು,
ಆಮೇಲೆ ಕಂಡಿತು ಕೆಳಗಿನ ಸಾಲು:
ನಿಹಾದ್. ಟೆಸ್ಟ್ ಮಾಡಿದ್ದು ಅಕ್ಕ.

ಅಳಿಸಿದೆ.
ಕಸದ ಬುಟ್ಟಿಯನ್ನು ತೆರೆದು
ಅಲ್ಲಿಂದಲೂ.