ಹತ್ತೊಂಬತ್ತು

ಕಾಗದ ಬಂದೈತೆ.
ಕವರಿನ ಮೇಲೆ ಈತನ ನಂಬರು ಮೊದಲು, ಹೆಸರು ಆಮೇಲೆ:
ಮಾಜಿ ಹವಲ್ದಾರ್ ಪೆನ್ನಪ್ಪ, ಕೌಲ್ ಬಜಾರ್, ಬಳ್ಳಾರಿ.
ಒಳಗೆಲ್ಲ ಇಂಗ್ಲಿಷು.
ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆಯೋ ಹುಡುಗ ಶಾಷಾವಲಿ
ಊಟದ ಬಿಡುವಿನಲ್ಲಿ ಎರಡು ಸಲ ಓದಿ ಹೇಳಿದ:
ಅಕ್ಕಾ, ಎರಡೂ ಕಾಲಿನ ನರ ಸತ್ತಿರೋದು ನಿಜ ಅಂತ ಒಪ್ಪ್ಯಾರೆ.
ಶೇಕಡಾ ಹತ್ತೊಂಬತ್ತು.
ಅಂಗವಿಕಲ ಪಿಂಚಣಿಗೆ ಇಪ್ಪತ್ತು ಬೇಕಂತೆ.

ನಮ್ಮಲ್ಲೂ ಕಟ್ಟು ಅಂದ್ರೆ ಇಪ್ಪತ್ತು ಪೀಸು.
ಒಂದು ಕಮ್ಮಿ ಬಿದ್ದರೆ ಮೇಸ್ತ್ರಿ ಬೈತಾನೆ,
ಬೈದು, ಹತ್ತೊಂಬತ್ತರ ದುಡ್ಡು ಎಣಿಸಿ ಕೊಡ್ತಾನೆ.
ಇಡೀ ಕಟ್ಟನ್ನೇ ಹೊಲಿದಿಲ್ಲ ಅಂದವನನ್ನ
ನಾನಿನ್ನೂ ನೋಡಿಲ್ಲ.

ಆ ಪೋಸ್ಟಿಗೆ ಹೆಸರಿಲ್ಲ, ನಂಬರಷ್ಟೇ ಅಂತಿದ್ದ.
ಹೆಲಿಕಾಪ್ಟರು ಬರದ ಹನ್ನೊಂದು ದಿನ
ಬೂಟು ಬಿಚ್ಚಿರಲಿಲ್ಲ. ಬಿಚ್ಚಿದಾಗ
ಬೆರಳೆಲ್ಲ ನೇರಳೆಹಣ್ಣು.
ಇಷ್ಟು ಹೇಳಿದ್ದು ಮದುವೆಯಾಗಿ ಆರು ವರ್ಷಕ್ಕೆ.
ಪಕ್ಕದ ಟೆಂಟಿನವನು ಏನಾದ ಅನ್ನೋದನ್ನ
ಇವತ್ತಿಗೂ ಹೇಳಿಲ್ಲ.

ಬಳ್ಳಾರಿಗೆ ಎರಡೇ ಕಾಲ: ಬೇಸಿಗೆ, ಬಿರುಬೇಸಿಗೆ.
ಮೇ ತಿಂಗಳಲ್ಲಿ ಉಣ್ಣೆ ಕಾಲುಚೀಲ ಹಾಕ್ಕೊಂಡು ಮಲಗ್ತಾನೆ ಈತ.
ಓಣಿ ಹುಡುಗರು ನಗ್ತಾರೆ. ನಗಲಿ.
ನಮ್ಮ ಏಕಶಿಲೆ ಗುಡ್ಡ ಹಗಲೆಲ್ಲ ಬಿಸಿಲು ಕುಡಿದು
ರಾತ್ರಿ ಹನ್ನೆರಡಕ್ಕೂ ಉಸಿರು ಬಿಡ್ತಿರುತ್ತೆ ನೋಡ್ರಿ,
ಹಂಗೇ ಈ ಕಾಲು.
ಯಾವತ್ತೋ ಕುಡಿದ ಮಂಜು ಇನ್ನೂ ಬಿಡ್ತೈತೆ.

ಒಂದಿನ ಚಪ್ಪಲಿ ಜಾರಿದ್ದು ಗೊತ್ತಾಗದೆ
ಮೋತಿ ಸರ್ಕಲ್ಲಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ.
ಇನ್ನೊಂದಿನ ಮಟಮಟ ಮಧ್ಯಾಹ್ನ, ನೀರಿನ ಟ್ಯಾಂಕು ನೋಡೋಕೆ
ಬರಿಗಾಲಲ್ಲಿ ಮಾಳಿಗೆ ಹತ್ತಿದ.
ಇಳಿದು ಬಂದು ಉಂಡ. ಕೈ ತೊಳೆದ.
ನೆಲದ ಮೇಲೆ ಹೆಜ್ಜೆಹೆಜ್ಜೆಗೂ ಒದ್ದೆ ಗುರುತು.
ನೀರು ಅಂದುಕೊಂಡು ಒರೆಸಿದೆ.
ನೀರಲ್ಲ.

ಬೋರ್ಡಿಗೆ ಇದನ್ನೆಲ್ಲ ಹೇಳಿದ್ಯಾ ಅಂದೆ.
ಕೇಳಲಿಲ್ಲ, ಅಂದ.
ಮತ್ತೆ ಏನು ಕೇಳಿದ್ರು?
ಸುಮಾರು ಹೊತ್ತು ಚಾಪೆಯ ಕಡ್ಡಿ ಕೀಳ್ತಾ ಕೂತಿದ್ದು ಹೇಳಿದ:
ಮೇಜರ್ ಡಾಕ್ಟರು. ನಿನ್ನ ಸಣ್ಣ ತಮ್ಮನಷ್ಟು ಇರಬೇಕು ವಯಸ್ಸು.
ಕಣ್ಣು ಮುಚ್ಚು ಅಂದ್ರು, ಮುಚ್ಚಿದೆ.
ಎಳೆ ದಾರದಂಥದ್ದು ಹಿಡಿದು ಪಾದದ ಹತ್ತು ಕಡೆ ಒತ್ತಿ
ಒಂದೊಂದಕ್ಕೂ ಕೇಳಿದ್ರು, ಗೊತ್ತಾಗ್ತೈತಾ?
ಇಲ್ಲ ಸಾಬ್ ಅಂದೆ. ಇಲ್ಲ ಸಾಬ್. ಇಲ್ಲ ಸಾಬ್.
ಒಂಬತ್ತು ಸಲ ಅಂದೆ ಕಣೇ.
ಸಾಹೇಬರಿಗೆ ಒಂದೇ ಸಮ ಇಲ್ಲ ಇಲ್ಲ ಅನ್ನೋದು ಹೆಂಗೆ?
ಹದಿನೇಳು ವರ್ಷದ ಸರ್ವಿಸ್ಸೆಲ್ಲ ಕೂಡಿಸಿದರೂ
ಅಷ್ಟು ಇಲ್ಲ ಅಂದೋನಲ್ಲ ನಾನು.
ಕೊನೇದಕ್ಕೆ ಹೌದು ಸಾಬ್ ಅಂದುಬಿಟ್ಟೆ.

ಸಿಕ್ಕಿತು ನೋಡ್ರಿ ಆ ಒಂದು.

ಅಪೀಲಿಗೆ ಟೈಮೈತೆ.
ಸೈನಿಕರ ಕಚೇರಿ ಗುಮಾಸ್ತ ಹೇಳಿದಂಗೆ ಫಾರಂ ತುಂಬಿಸಿ
ಅಕ್ಕಿ ಡಬ್ಬದ ಕೆಳಗೆ ಇಟ್ಟೀನಿ.
ರಾತ್ರಿ ಕರೆಂಟು ಹೋದಾಗ ನಮ್ಮದು ತಾಲೀಮು:
ಜೀನ್ಸಿನ ಕಿತ್ತಳೆ ದಾರ ಒಂದು ಗೇಣು ಹಲ್ಲಲ್ಲಿ ಕಡಿದು
ಈತನ ಅಂಗಾಲಿಗೆ ಒತ್ತುತೀನಿ.
ಗೊತ್ತಾಗ್ತೈತಾ?
ಹೌದು.
ಸುಳ್ಳು ಹೇಳಬ್ಯಾಡ.
ಇಲ್ಲ.
ಇಲ್ಲಿ?
ಇಲ್ಲ.
ದಾರ ಬಿಟ್ಟು, ಡೆನಿಮ್ಮಿನ ನೀಲಿ ಹತ್ತಿದ ಬೆರಳಿಟ್ಟೆ. ಇಲ್ಲ.
ಅಂಗೈ ಇಟ್ಟೆ. ಇಲ್ಲ.
ಕೆನ್ನೆ ಇಟ್ಟೆ.
ಕತ್ತಲಲ್ಲಿ ಈತನ ದನಿ, ಪರೇಡಿನಲ್ಲಿ ಎದೆ ಸೆಟೆದು ನಿಂತವರದು:
ಇಲ್ಲ ಸಾಬ್.

ಪಾಠ ಬಂತು, ಮಲಗು ಅಂದು
ಕಾಲುಚೀಲ ಏರಿಸಿದೆ.