ಮೆಟ್ಟಲಾ ಹತ್ತದವಳು

ಎಲ್ಲಾರೂ ಮ್ಯಾಲ ಹೋದ್ರು.
ಗುರಬಸವ್ವ, ನೀಲವ್ವ, ಕಂದಗಲ್ಲ ಪದ್ಮವ್ವ,
ನೇಕಾರ ಸಂಘದ ಹದಿನೆಂಟು ಮಂದಿ
ಸೆರಗು ಸಿಗಿಸಿಕೊಂಡು, ಕತ್ತಲ ಮೆಟ್ಟಲಾ ಏರಿ
ಗೋಳಗುಮ್ಮಟದ ಹೊಟ್ಯಾಗ
ತಮ್ಮ ಹೆಸರ ತಾವ ಕೂಗಾಕ.

ನಾ ಕೆಳಗುಳದೆ.
ಮೂವತ್ತೊಂದು ವರ್ಷ ಕುಣಿಮಗ್ಗದಾಗ ಇಳಿಬಿಟ್ಟು
ತುಳದು ತುಳದು ಸವೆದ ಮೊಣಕಾಲು.
ಸುಲ್ತಾನರ ಮೆಟ್ಟಲಾ ಆದ್ರೂ ಒಲ್ಲೆ ಅಂದ್ವು.

ಗೇಟಿನ ಹೊರಗ ಟಾಂಗಾ ನಿಂತಿತ್ತು.
"ಬರ್ರಿ ಅಕ್ಕಾರ, ಗುಮ್ಮಟ ಎಲ್ಲಿಗಿ ಹೊಕ್ಕೈತಿ?
ಉಳದದ್ದ ತೋರಸ್ತೀನಿ," ಅಂದ ಇಮಾಮಸಾಬ ತಿಕೋಟೀಕರ.
ದರಕ್ಕ ಜಗಳಾಡಿದೆ. ನಲವತ್ತು ಇಳದ.
ಕುದುರಿಗಿ ಸಿಟ್ಟು ಬಂದಿರಬೇಕು,
ಕಿವಿ ಹಿಂದಕ್ಕ ಮಾಡಿತು.

ಮೊದಲ ಬಾರಾ ಕಮಾನ.
ಮ್ಯಾಲ ಛತ್ತಿಲ್ಲ. ಕರೇ ಕಲ್ಲಿನ ಕಮಾನು
ಒಂದರ ಬೆನ್ನಿಗೊಂದು, ಬಿಸಲಾಗ ಬಾಯಿ ತೆರಕೊಂಡು.
"ಮುಗಿಸಲಿಲ್ರಿ," ಅಂದ ಇಮಾಮಸಾಬ,
ತಾನ ಗುತ್ತಿಗಿ ಹಿಡದು ಬಿಟ್ಟವರಂಗ ತಲಿ ತಗ್ಗಿಸಿ.
ನನಗ ಗುರ್ತ ಹತ್ತಿತು.
ನಮ್ಮತ್ತಿ ಹಾಸು ಹೂಡಿ, ನಾಕು ಗೇಣು ನೇದು,
ಎದಿ ಹಿಡಕೊಂಡು ಎದ್ದಾಕಿ ಹೊಳ್ಳಿ ಕೂಡಲಿಲ್ಲ.
ಲಾಳಿ ಇದ್ದಲ್ಲೇ ಇತ್ತು.
ಆರು ತಿಂಗಳು ಅದರ ಬಾಜೂಕ ಕುಂತು ಉಂಡ್ವಿ,
ಯಾರೂ ಕೈ ಹಚ್ಚಲಿಲ್ಲ.
ಆಮ್ಯಾಲ ನಾನ ಕತ್ತರಿಸಿದೆ.
ಇವರು ಕತ್ತರಿಸಿಲ್ಲ ನೋಡ್ರಿ. ಹಂಗ ಬಿಟ್ಟಾರ.

ಮೆಹತರ ಮಹಲಿನ ಕೆಳಗ ನಿಂತು
ಕುತ್ತಿಗಿ ನೋಯೂವಂಗ ಮ್ಯಾಲ ನೋಡಿದೆ.
ಕಲ್ಲು ಅಂತ ಯಾರಂದಾರು? ದಾರದಂಥ ಎಳಿ,
ಕಸೂತಿ ಹಾಕಿದಂಗ ಒಂದೂ ತಪ್ಪಿಲ್ಲದ ಹೊಲಿಗಿ.
"ದಿನಕ್ಕ ಎಷ್ಟು ಕೂಲಿ ಕೊಟ್ಟಿರಬೇಕು?" ಕೇಳಿದೆ.
ಇಮಾಮಸಾಬ ಲಗಾಮ ಎಳದ.
"ಇಪ್ಪತ್ತಾರು ವರ್ಷ ಟಾಂಗಾ ಹೊಡದೀನ್ರಿ,
ಎತ್ತರ ಕೇಳ್ಯಾರ, ಅಗಲ ಕೇಳ್ಯಾರ,
ಎಷ್ಟು ಮಂದಿ ಬೇಗಮರಿದ್ರು ಅಂತ ಕೇಳ್ಯಾರ.
ಇದನ್ನ ಕೇಳಿದಾಕಿ ನೀವ ಮೊದಲ."

ಒಂದು ಓಣ್ಯಾಗ, ಹಿಟ್ಟಿನ ಗಿರಣಿ ಹಿಂದ,
ಹೋತ ಕಟ್ಟಿದ ಒಂದು ಮೋಟು ಗೋಪುರ.
ಗಂಜ್ ಅಂತಾರಂತ ಅದಕ್ಕ.
ನೆಲದ ಒಳಗ ಓಡಿ ಬರೂ ನೀರು
ಇಲ್ಲಿ ಒಂದೀಟು ನಿಂತು, ದಮ್ಮ ತಗೊಂಡು,
ಮುಂದಿನ ಓಣಿಗಿ ಹೋಗತಿತ್ತಂತ.
ನೀರಿಗೂ ದಣಿವಾಗತದ ಅಂತ
ತಿಳಕೊಂಡಾವ ಒಬ್ಬ ಇದ್ನಲ್ಲ, ಅವನ ಹೆಸರೇನು?
ಹೋತ ನನ್ನ ಸೆರಗು ತಿನ್ನಾಕ ನೋಡಿತು.
ಸರಕ್ಕನ ಎಳಕೊಂಡೆ, ಇಳಕಲ್ಲ ಸೆರಗದು.

ಎಲ್ಲಿ ಹೊಳ್ಳಿದ್ರೂ ಗುಮ್ಮಟ ಇತ್ತು.
ಪೆಟ್ರೋಲ ಬಂಕಿನ ಹಿಂದ,
ಮಾಳಿಗಿ ಮ್ಯಾಲಿನ ನೀರಿನ ಟಾಕಿ ನಡಕ,
ಒಣಹಾಕಿದ ಲುಂಗಿ ಸಂದ್ಯಾಗ ಇಣಕಿ ಇಣಕಿ,
ಲೆಕ್ಕಾ ಕೇಳಾಕ ಬಂದ ಸಾವಕಾರನಂಗ.

ಕಡೀಕ ತಾಜ ಬಾವಡಿ.
ಇಲ್ಲೂ ಮೆಟ್ಟಲಾ! ಆದ್ರ ಇಳಿಯೂವು.
ಗ್ವಾಡಿ ಹಿಡಕೊಂಡು ಮೂರು ಇಳದು ಕುಂತೆ.
ಹಸರ ನೀರು. ಕಮಾನಿನ ನೆರಳು. ಪಾರಿವಾಳ.
ಅಲ್ಲಿ ಅವರು ಈಗ ಕೂಗತಿರಬೇಕು,
ಒಂದಕ್ಕ ಏಳು ವಾಪಸ ಬರತಿರಬೇಕು.
ನಾನೂ ಕೂಗಿದೆ. ನನ್ನ ಹೆಸರಲ್ಲ.
"ಯಮನವ್ವಾ..."
ಅತ್ತಿ ಬದುಕಿದ್ದಾಗ ಒಂದ ದಿನಾನೂ
ನನ್ನ ಬಾಯಿಂದ ಬಾರದ ಹೆಸರು.
ಪಾರಿವಾಳ ಎದ್ದು ಒಂದು ಸುತ್ತು ಹಾಕಿ ಕುಂತ್ವು.
ಅಷ್ಟ. ನೀರು ಏನೂ ಹೊಳ್ಳಿ ಕೊಡಲಿಲ್ಲ.
ಕೇಳಿಸಿಕೊಂಡು ಇಟ್ಟಕೊಂಡಿತು.

ಟಾಂಗಾದ ಮ್ಯಾಲ ಇಮಾಮಸಾಬ
ಒಣದ್ರಾಕ್ಷಿ ಪೊಟ್ಟಣ ಬಿಚ್ಚಿದ. ನಾಕು ನನಗ,
ನಾಕು ಕುದುರಿಗಿ.
ಇಳಿಸಿದ ನಲವತ್ತು ಮತ್ತ ಕೊಟ್ಟೆ,
ಕುದುರಿ ಕಡೆ ನೋಡಲಿಲ್ಲ.

ಬಸ್ಸಿನ್ಯಾಗ ಎಲ್ಲಾರ ಧ್ವನಿ ಬಿದ್ದಿತ್ತು.
"ಏಳು ಸಲ ಬಂತವಾ! ಎಣಿಸೀನಿ," ಅಂದ್ಲು ನೀಲವ್ವ.
"ನೀ ಪಾಪ, ಏನೂ ನೋಡಲಿಲ್ಲ."
"ಹೋತ ನೋಡಿದೆ," ಅಂದೆ.

ಊರು ದಾಟಿದರೂ ಕಿಡಕ್ಯಾಗ ಗುಮ್ಮಟ.
ಜ್ವಾಳದ ಹೊಲದ ಮ್ಯಾಲ ಅರ್ಧ ತಾಸು ಬೆನ್ನು ಹತ್ತಿ ಬಂತು.
"ಆತು ಹೋಗಪಾ," ಅಂದೆ, "ನಿನ್ನೂ ನೋಡಿದೆ."